ಕೆಟ್ಟ ಮಗನ ಕಾಗದ

ಶಾಮ್ ಶುಯಿ ಪೋ, ಹಾಂಗ್ ಕಾಂಗ್
೧೨ ಅಕ್ಟೋಬರ್ ೧೯೯೮

ಮಗ ಕಾಮ್‌ಶಿಂಗ್‌ಗೆ,

ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಹಳೆಯ ಹಾಡೇ. ನಿನ್ನ ಪತ್ರ ಬಂದು ಮೂರು ವರ್ಷವಾಯಿತು ಎಂದು ಸೀತೋ ಮೇಷ್ಟ್ರು ಹೇಳುತ್ತಾರೆ. ನಾನು ಲೆಕ್ಕ ಇಟ್ಟಿಲ್ಲ.

ನಾನು ಪಾತ್ರೆ ತೊಳೆಯುತ್ತಿದ್ದ ಹೋಟೆಲು ಜುಲೈಯಲ್ಲಿ ಬಾಗಿಲು ಹಾಕಿತು. ಕೊನೆಯ ದಿನ ಮಾಲೀಕರು ಎಲ್ಲರಿಗೂ ಹಂದಿಮಾಂಸದ ಗಂಜಿ ಹಾಕಿಸಿದರು. ಅರವತ್ತಾರು ವರ್ಷದವಳನ್ನು ಈಗ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ನಲವತ್ತರವರೇ ಸಾಲಿನಲ್ಲಿ ನಿಂತಿದ್ದಾರೆ. ಅದಕ್ಕೇ ಸರ್ಕಾರದ ನೆರವಿಗೆ ಅರ್ಜಿ ಹಾಕಿದ್ದೇನೆ. ಇದು ನಮ್ಮ ಕಟ್ಟಡದಲ್ಲಿ ಯಾರಿಗೂ ಗೊತ್ತಿಲ್ಲ. ನೀನೂ ಯಾರಿಗೂ ಹೇಳಬೇಡ.

ಕಚೇರಿಯಲ್ಲಿ ಮಿಸ್ ತಾಮ್ ಎಂಬ ಹುಡುಗಿ ಇದ್ದಾಳೆ. "ಅಜ್ಜಿ, ಮಗ ಇದ್ದಾನೆ ಅಂದ್ರೆ ಅವನು ಒಂದು ಕಾಗದಕ್ಕೆ ಸಹಿ ಹಾಕ್ಲೇಬೇಕು" ಅಂದಳು. ಆ ಕಾಗದ ಇದರ ಜೊತೆಗಿದೆ. ತಾಯಿಯನ್ನು ನಾನು ಸಾಕುತ್ತಿಲ್ಲ ಎಂದು ಅದರಲ್ಲಿ ಮೊದಲೇ ಅಚ್ಚಾಗಿದೆ. ಕಾರಣ ಬರೆಯಲು ಎರಡು ಗೆರೆ ಬಿಟ್ಟಿದ್ದಾರೆ, ಅದರ ಕೆಳಗೆ ಸಹಿ. ಇಲ್ಲಿಯವರು ಅದನ್ನು ಕೆಟ್ಟ ಮಗನ ಕಾಗದ ಅನ್ನುತ್ತಾರೆ. ಜನ ಏನಾದರೊಂದು ಹೆಸರಿಡುತ್ತಾರೆ.

ಇಷ್ಟವಿಲ್ಲದಿದ್ದರೆ ಸಹಿ ಹಾಕಬೇಡ. ನನಗೇನೂ ಆತುರವಿಲ್ಲ. ಹೇಗೋ ನಡೆಯುತ್ತದೆ.

ಅಮ್ಮ

ಕಾಮ್‌ಶಿಂಗ್, ಇಲ್ಲಿಂದ ಕೆಳಗೆ ಸೀತೋ ಬರೆಯುತ್ತಿರುವುದು. ಮೇಲಿನದು ನಿಮ್ಮಮ್ಮ ಹೇಳಿ ಬರೆಸಿದ್ದು. ಇದು ನನ್ನದೇ, ಇದಕ್ಕೆ ಶುಲ್ಕವಿಲ್ಲ. ಮಾರುಕಟ್ಟೆ ಪಕ್ಕದ ಓಣಿಯಲ್ಲಿ ಮೇಜು ಹಾಕಿಕೊಂಡು ಓದುಬರಹ ಬಾರದವರ ಪತ್ರ ಬರೆಯುತ್ತ ಮೂವತ್ತೊಂದು ವರ್ಷ ಕಳೆದಿದ್ದೇನೆ. ನೀನು ಶಾಲೆಗೆ ಸೇರುವಾಗ ಅರ್ಜಿ ತುಂಬಿದವನೂ ನಾನೇ, ನಿನಗೆ ನೆನಪಿರಲಾರದು. ಆತುರವಿಲ್ಲ ಎಂದು ಬರೆಸುವಾಗ ನಿಮ್ಮಮ್ಮ ನನ್ನ ಮೇಜಿನ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು. ಸಹಿ ಹಾಕಿ ಕಳಿಸು, ಇಲ್ಲವೇ ನಾನೇ ನೋಡಿಕೊಳ್ಳುತ್ತೇನೆ ಎಂದು ಬರೆ. ಎರಡರಲ್ಲೊಂದನ್ನು ಬೇಗ ಮಾಡು. ಉತ್ತರವನ್ನು ನನ್ನ ಮೇಜಿನ ವಿಳಾಸಕ್ಕೇ ಕಳಿಸು, ಹೇಗಿದ್ದರೂ ಓದಿ ಹೇಳುವವನು ನಾನೇ.

ಸೀತೋ ಪಾಕ್‌ಮಿಂಗ್

*

ತುಂಗ್‌ಕೂನ್
೩ ನವೆಂಬರ್ ೧೯೯೮

ಅಮ್ಮನಿಗೆ,

ಸಹಿ ಹಾಕಿದ ಕಾಗದ ಇದರಲ್ಲಿದೆ. ಕಾರಣ ಕೇಳಿರುವ ಕಡೆ "ಶಕ್ತಿಯಿಲ್ಲ" ಎಂದು ಬರೆದಿದ್ದೇನೆ. ಎರಡನೆಯ ಗೆರೆ ಹಾಗೇ ಉಳಿದಿದೆ. ಅದನ್ನೂ ತುಂಬಬೇಕು ಎಂದಿದ್ದರೆ ತಿಳಿಸು.

ಕಾಮ್‌ಶಿಂಗ್

*

ಶಾಮ್ ಶುಯಿ ಪೋ
೯ ಡಿಸೆಂಬರ್ ೧೯೯೮

ಕಾಮ್‌ಶಿಂಗ್,

ನಿನ್ನ ಪತ್ರ ಓದಿ ಹೇಳಿದೆ. ಓದಲು ಎಷ್ಟು ಹೊತ್ತು ಬೇಕು ಅದಕ್ಕೆ. "ಅಷ್ಟೇನಾ?" ಅಂದರು ನಿಮ್ಮಮ್ಮ. ಅಷ್ಟೇ ಅಂದೆ. "ಲಕೋಟೆ ಸ್ವಲ್ಪ ಕೊಡವಿ ನೋಡಿ ಮೇಷ್ಟ್ರೇ" ಅಂದರು. ಕೊಡವಿದೆ. ಏನೂ ಇರಲಿಲ್ಲ.

ಅವರು ಕಾಯುತ್ತಿದ್ದದ್ದು ನೀನು ಸಹಿ ಹಾಕುವುದಿಲ್ಲ ಎಂದು ಜಗಳ ಮಾಡುತ್ತೀಯ ಅಂತ. ಹಾಕದಿದ್ದರೆ ಅವರೇ ಉಪವಾಸ ಇರಬೇಕಾಗಿತ್ತು, ಆದರೂ ಅವರಿಗೆ ಬೇಕಾಗಿದ್ದದ್ದು ಅದೇ. ನಿನ್ನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ನಿನ್ನ ಜಾಗದಲ್ಲಿದ್ದರೆ ನಾನೂ ಹಾಕುತ್ತಿದ್ದೆ.

ನೆರವು ಮಂಜೂರಾಗಿದೆ. ಆದರೆ ಕೆಟ್ಟ ಗಳಿಗೆಯಲ್ಲಿ ಮಂಜೂರಾಗಿದೆ. ಪತ್ರಿಕೆ ತೆಗೆದರೆ ಅದೇ ಮಾತು. ಸರ್ಕಾರ ಸೋಮಾರಿಗಳನ್ನು ಕೂರಿಸಿ ಸಾಕುತ್ತಿದೆಯಂತೆ, ನೆರವು ತೆಗೆದುಕೊಳ್ಳುವವರು ನಳ್ಳಿ ತಿನ್ನುತ್ತಾರಂತೆ, ಮೋಸ ಕಂಡರೆ ಈ ನಂಬರಿಗೆ ಫೋನ್ ಮಾಡಿ ಎನ್ನುತ್ತಾರೆ. ನನ್ನ ಬಳಿ ಅರ್ಜಿ ತುಂಬಿಸಲು ಬರುವವರಲ್ಲಿ ನಳ್ಳಿ ತಿಂದವರ ಮುಖ ಒಂದನ್ನೂ ನಾನು ಕಂಡಿಲ್ಲ. ಎದುರಿನ ತರಕಾರಿಯವನ ಹತ್ತಿರ ಇದೇ ವಿಷಯಕ್ಕೆ ಎರಡು ಸಲ ಜಗಳವಾಡಿದೆ. ಈಗ ಅವನು ನನಗೆ ಒಣಗಿದ ಶುಂಠಿ ಕೊಡುತ್ತಾನೆ.

ನಿಮ್ಮಮ್ಮನ ಪಕ್ಕದ ಮನೆಯ ಚೋಯ್ ಅಕ್ಕ ಗೊತ್ತಲ್ಲ, ಅವರು ಒಂದು ಬೆಳಿಗ್ಗೆ ಸೊಪ್ಪು ಕೊಳ್ಳುತ್ತ ಕೇಳಿದರಂತೆ: "ಹೋಟೆಲ್ ಮುಚ್ಚಿ ಐದು ತಿಂಗಳಾಯ್ತು, ಹೇಗೆ ನಡೀತಿದೆ ನಿಂಗೆ?" ನಿಮ್ಮಮ್ಮನ ಬಾಯಿಂದ ಬಂದುಬಿಟ್ಟಿತು: "ಮಗ ಮನೆಖರ್ಚು ಕಳಿಸ್ತಾನೆ." ಅಲ್ಲಿಂದ ನೇರ ನನ್ನ ಮೇಜಿಗೆ ಬಂದರು. ನಿನ್ನ ಹೆಸರಿನಲ್ಲಿ ಒಂದು ಪತ್ರ ಬರೆದುಕೊಡಿ ಅಂದರು. ಆಗಲ್ಲ ಅಂದೆ. ಮೂರು ದಿನ ಬಂದು ಕೂತರು. ನಾಲ್ಕನೆಯ ದಿನ ಬರೆದುಕೊಟ್ಟೆ.

ನಿನ್ನ ಹೆಸರು ಹಾಕಿದ್ದೇನೆ, ನಿನಗೆ ಗೊತ್ತಿರಬೇಕು. ನಕಲು ಜೊತೆಗಿದೆ.

ಸೀತೋ

*

(ನಕಲು)
೮ ಡಿಸೆಂಬರ್ ೧೯೯೮

ಪ್ರೀತಿಯ ಅಮ್ಮನಿಗೆ,

ಈ ತಿಂಗಳ ಮನೆಖರ್ಚು ಇದರ ಜೊತೆ ಇಟ್ಟಿದ್ದೇನೆ. ಸಾಲದಿದ್ದರೆ ಸಂಕೋಚಪಡದೆ ಹೇಳು. ಮಂಜುಗಡ್ಡೆಯಲ್ಲಿಟ್ಟ ಮೀನು ತರಬೇಡ, ತೊಟ್ಟಿಯಲ್ಲಿ ಈಜುತ್ತಿರುವ ಮೀನನ್ನೇ ಕೊಂಡುಕೋ. ಉಣ್ಣೆಯ ಬನಿಯನ್ ಹಾಕಿಕೊಳ್ಳದೆ ಹೊರಗೆ ಹೋಗಬೇಡ. ಕಾರ್ಖಾನೆಯಲ್ಲಿ ನನ್ನನ್ನು ಮೇಲ್ವಿಚಾರಕನನ್ನಾಗಿ ಮಾಡಿದ್ದಾರೆ. ಕೈಕೆಳಗೆ ಅರವತ್ತು ಹುಡುಗಿಯರಿದ್ದಾರೆ. ಕೆಲಸ ಬಿಟ್ಟು ಬರಲಾಗುವುದಿಲ್ಲ, ಅಷ್ಟೇ, ಬೇರೆ ಏನೂ ಅಲ್ಲ. ಪಕ್ಕದ ಮನೆ ಚೋಯ್ ಅಕ್ಕನ ಮೊಣಕೈ ನೋವು ಹೇಗಿದೆ? ಕೇಳಿದೆ ಎಂದು ಹೇಳು.

ನಿನ್ನ ಮಗ
ಕಾಮ್‌ಶಿಂಗ್

(ದೂರದ ಮಗ ಪಕ್ಕದ ಮನೆಯವರ ಮೊಣಕೈ ವಿಚಾರಿಸುವುದಿಲ್ಲ ಎಂದು ನಾನು ತಕರಾರು ತೆಗೆದೆ. "ನನ್ನ ಮಗ ವಿಚಾರಿಸ್ತಾನೆ" ಅಂದರು. ನೀನು ಕಾಗದ ಕಳಿಸಿದ್ದ ಲಕೋಟೆಯಲ್ಲೇ ಇದನ್ನು ಮಡಿಸಿ ಹಾಕಿಸಿಕೊಂಡು ಹೋದರು. — ಸೀ.)

*

ತುಂಗ್‌ಕೂನ್
೧೭ ಜನವರಿ ೧೯೯೯

ಮೇಷ್ಟ್ರಿಗೆ,

ನನ್ನ ಹೆಸರಿನಲ್ಲಿ ಬರೆಯಬೇಡಿ.

ನಾನು ಮೇಲ್ವಿಚಾರಕನಲ್ಲ. ಗೊಂಬೆಗಳ ಕಣ್ಣು ಒತ್ತಿ ನೋಡುವುದು ನನ್ನ ಕೆಲಸ, ಸಡಿಲ ಇದ್ದರೆ ಬೇರೆ ಬುಟ್ಟಿಗೆ ಹಾಕುತ್ತೇನೆ. ಕಾರ್ಖಾನೆ ಹಾಂಗ್ ಕಾಂಗ್‌ನಿಂದ ಗಡಿ ದಾಟಿ ಇಲ್ಲಿಗೆ ಬಂದಾಗ ಜೊತೆಗೆ ಬಂದವರಲ್ಲಿ ಉಳಿದಿರುವವನು ನಾನೊಬ್ಬ. ಸಂಬಳ ಮೊದಲೇ ಕಡಿಮೆ, ಅಕ್ಟೋಬರಿನಿಂದ ಅದರಲ್ಲೂ ಅರ್ಧ. ಮನೆಗೆ ಕಳಿಸಲು ಏನೂ ಇರಲಿಲ್ಲ, ಆದ್ದರಿಂದ ಬರೆಯಲೂ ಇಲ್ಲ. ಹಾಗೇ ಒಂದು ವರ್ಷವಾಯಿತು, ಆಮೇಲೆ ಮೂರಾಯಿತು. ಇದರಲ್ಲಿ ಕೋಪ ಇಲ್ಲ, ಬೇಸರವೂ ಇಲ್ಲ. ಏನಿದೆ ಎಂದು ನನಗೂ ತಿಳಿಯುವುದಿಲ್ಲ.

ಬರೆಯಲೇಬೇಕಾದರೆ ಮೇಲ್ವಿಚಾರಕ ಎನ್ನುವುದನ್ನಾದರೂ ತೆಗೆಯಿರಿ.

ಅಮ್ಮ ಮೀನು ಕೊಂಡಳೇ?

ಕಾಮ್‌ಶಿಂಗ್

*

ಶಾಮ್ ಶುಯಿ ಪೋ
೧೦ ಮಾರ್ಚ್ ೧೯೯೯

ಮಗನಿಗೆ,

ಹೊಸ ವರ್ಷ ಕಳೆಯಿತು. ಚೋಯ್ ಅಕ್ಕನ ಮನೆಯಲ್ಲಿ ಮೂಲಂಗಿ ಕಡುಬು ಕೊಟ್ಟರು, ನಾಲ್ಕು ದಿನ ಬಂತು.

ಅವರ ಮನೆಯಲ್ಲಿ ಟಿವಿ ನೋಡುತ್ತೇನೆ. ಮೊನ್ನೆ ಕೋಟು ಹಾಕಿಕೊಂಡವರು ಆರು ಜನ ಕೂತು ಮಾತಾಡಿದರು. ನೆರವು ತೆಗೆದುಕೊಳ್ಳುವವರಿಂದ ಉದ್ಯಾನ ಗುಡಿಸಿಸಬೇಕೋ ಬೇಡವೋ ಎಂದು. ಕುಟುಂಬ ದೊಡ್ಡದಿದ್ದರೆ ಹಣ ಕಡಿಮೆ ಮಾಡುತ್ತಾರಂತೆ. "ನೀನೇನಂತೀಯ?" ಎಂದು ಚೋಯ್ ಅಕ್ಕ ನನ್ನನ್ನು ಕೇಳಿದಳು. "ಗುಡಿಸಲಿ, ಕೈಕಾಲು ಇದೆಯಲ್ಲ" ಅಂದೆ. ಅವಳೂ ಹೌದು ಅಂದಳು. ಆಮೇಲೆ ಕಿತ್ತಳೆ ಸುಲಿದು ತಿಂದೆವು.

ಮೀನು ಕೊಂಡಿಲ್ಲ. ಮೀನಿನ ಅಂಗಡಿಯ ಮುಂದೆ ನಿಂತಿದ್ದರೆ ಯಾರಾದರೂ ನೋಡಿಯಾರು ಎಂದು ಭಯ.

ಅಮ್ಮ

(ಈ ಪತ್ರವನ್ನು ಬರೆಸಿ, ಕಳಿಸಬೇಡಿ ಅಂದರು. ನಾನು ಕಳಿಸುತ್ತಿದ್ದೇನೆ. ಇವತ್ತೇ ನಿನ್ನ ಹೆಸರಿನ ನಾಲ್ಕನೆಯ ಪತ್ರವನ್ನೂ ಬರೆಸಿಕೊಂಡರು. ಮೇಲ್ವಿಚಾರಕ ಎನ್ನುವುದನ್ನು ತೆಗೆಯೋಣ ಅಂದೆ. "ಕೆಲಸದಿಂದ ಇಳಿಸಿದ್ರು ಅಂದ್ಕೊಳ್ತಾಳೆ ಚೋಯ್" ಅಂದರು. ಹಾಗಾಗಿ ನೀನು ಇನ್ನೂ ಮೇಲ್ವಿಚಾರಕನೇ. ಪತ್ರ "ಬಂದಾಗಲೆಲ್ಲ" ಅವರೂ ಚೋಯ್ ಅಕ್ಕನೂ ಒಟ್ಟಿಗೆ ನನ್ನ ಮೇಜಿಗೆ ಬರುತ್ತಾರೆ, ನಾನು ಗಟ್ಟಿಯಾಗಿ ಓದುತ್ತೇನೆ. "ಮಗನಿಂದ ಬಂದಿದೆ" ಎಂದು ಮೊದಲು ಹೇಳಿ ಆಮೇಲೆ ಓದುತ್ತೇನೆ. ಇದು ನನಗೆ ರೂಢಿಯಾಗಿಬಿಟ್ಟಿದೆ. — ಸೀ.)

*

ಶಾಮ್ ಶುಯಿ ಪೋ
೨೪ ಮೇ ೧೯೯೯

ಕಾಮ್‌ಶಿಂಗ್,

ಈ ಪತ್ರವನ್ನು ಕೂತು ಓದು.

ಹೋದ ಮಂಗಳವಾರ ಮಿಸ್ ತಾಮ್ ನಿಮ್ಮಮ್ಮನ ಮನೆಗೆ ಬಂದಿದ್ದಳು. ನೆರವು ಪಡೆಯುವವರ ಮನೆಗೆ ಹೋಗಿ ನೋಡಬೇಕು ಎಂದು ಅವಳಿಗೆ ಆದೇಶ. ಬರೀ ಮಂಚ, ಒಲೆ, ದೇವರ ಗೂಡು ನೋಡಿ, ಬರೆದುಕೊಂಡು ಹೊರಡುವುದರಲ್ಲಿದ್ದಳು. ಅಷ್ಟರಲ್ಲಿ ಚೋಯ್ ಅಕ್ಕ ಕೆಂಪು ಹುರುಳಿಯ ಪಾಯಸ ಹಿಡಿದುಕೊಂಡು ಒಳಗೆ ಬಂದರು. ಒಳ್ಳೆಯ ಬಟ್ಟೆ ಹಾಕಿಕೊಂಡ, ಫೈಲು ಹಿಡಿದ, ಮೂವತ್ತು ದಾಟಿದ ಹುಡುಗಿ. ಚೋಯ್ ಅಕ್ಕ ಅವಳನ್ನು ಏನೆಂದುಕೊಂಡರು ಗೊತ್ತೇ? ಮೂವತ್ತೊಂಬತ್ತಾದರೂ ಮದುವೆಯಾಗದ ನಿನಗೆ ಯಾರೋ ನೋಡಿ ಕಳಿಸಿದ ಹೆಣ್ಣು ಎಂದುಕೊಂಡರು. ಮನೆಯ ಬಡತನ ನೋಡಿ ಹುಡುಗಿ ಎದ್ದು ಹೋಗುತ್ತಿದ್ದಾಳೆ ಎಂದುಕೊಂಡು ನಿನ್ನ ಪರವಾಗಿ ನಿಂತರು.

"ಕೂತ್ಕೋಮ್ಮ, ಕೂತ್ಕೋ. ಮನೆ ನೋಡಿ ಅಳೀಬೇಡ. ಇವಳು ಸ್ವಲ್ಪ ಜಿಪುಣಿ, ಅಷ್ಟೇ. ಮಗ ತಿಂಗಳು ತಪ್ಪಿಸ್ದೆ ಮನೆಖರ್ಚು ಕಳಿಸ್ತಾನೆ."

"ಹೌದಾ," ಅಂದಳು ಮಿಸ್ ತಾಮ್. "ಪ್ರತಿ ತಿಂಗಳೂನಾ?"

"ಪ್ರತಿ ತಿಂಗಳೂ. ಕಾಗದ ಓದೋದನ್ನ ನಾನೇ ಕಿವಿಯಾರೆ ಕೇಳಿದೀನಿ. ನನ್ನ ಮೊಣಕೈ ನೋವು ಸಹ ವಿಚಾರಿಸ್ತಾನೆ ಕಣಮ್ಮ, ಈ ಕಾಲದಲ್ಲಿ ಯಾರಿದಾರೆ ಹಾಗೆ?"

ನಿಮ್ಮಮ್ಮ ಕಣ್ಣು ಬಿಟ್ಟರಂತೆ, ಕೆಮ್ಮಿದರಂತೆ, ಪಾಯಸ ಚೆಲ್ಲಿದರಂತೆ. ಚೋಯ್ ಅಕ್ಕ ಅದನ್ನು ನಾಚಿಕೆ ಎಂದುಕೊಂಡು, ಮಂಚದ ಕೆಳಗಿನ ಬಿಸ್ಕತ್ತಿನ ಡಬ್ಬಿ ತಾವೇ ಎಳೆದು, ಆರೂ ಪತ್ರಗಳನ್ನು ಮಿಸ್ ತಾಮ್ ಕೈಗೆ ಕೊಟ್ಟರು. ಅವಳು ನಿಂತೇ ಎಲ್ಲವನ್ನೂ ಓದಿದಳು. "ಅಜ್ಜಿ, ಇವು ನಿಮ್ಮ ಮಗ ಬರೆದದ್ದಾ?" ಎಂದು ಕೇಳಿದಳು. ಚೋಯ್ ಅಕ್ಕ ಅಲ್ಲೇ ನಿಂತಿದ್ದರು.

ನಿಮ್ಮಮ್ಮ ಹೌದು ಅಂದರು.

ಮಾರನೆಯ ದಿನ ನಾನು ಕಚೇರಿಗೆ ಹೋಗಿ, ಅವೆಲ್ಲ ನಾನು ಬರೆದ ಸುಳ್ಳು ಎಂದು ಹೇಳಿದೆ. ನಕಲು ಪುಸ್ತಕ ತೋರಿಸಿದೆ. ಮಿಸ್ ತಾಮ್ ಕೆಟ್ಟವಳಲ್ಲ. "ತಾತ, ಬರೆದಿದ್ದು ನೀವು, ಒಪ್ಕೊಂಡೆ. ಹಣ ಬಂದಿಲ್ಲ ಅಂತ ನಿಮಗೆ ಹೇಗೆ ಗೊತ್ತು? ಅಜ್ಜಿನೇ ಬಂದಿದೆ ಅಂತಿದಾರಲ್ಲ" ಅಂದಳು. ಮೇಲಿನವರು ದಿನಾ ಕೇಳುತ್ತಾರಂತೆ, ಈ ತಿಂಗಳು ಎಷ್ಟು ಮೋಸ ಹಿಡಿದೆ ಅಂತ. ಜೂನ್‌ನಿಂದ ನೆರವು ನಿಲ್ಲುತ್ತದೆ. ಕೊಟ್ಟಿದ್ದನ್ನು ವಾಪಸ್ಸು ಕೇಳುತ್ತಾರೆ, ಕೋರ್ಟಿಗೂ ಹೋಗಬಹುದು. ನೀನೇ ಬಂದು, ಅವರೆದುರು ಕೂತು, ಒಂದು ಕಾಸೂ ಕೊಟ್ಟಿಲ್ಲ ಎಂದು ದಾಖಲೆ ಸಮೇತ ಹೇಳಿದರೆ ಮಾತ್ರ ಉಳಿಯುತ್ತದೆ. ಜೂನ್ ೨೮, ಹನ್ನೊಂದು ಗಂಟೆ.

ಸುಳ್ಳು ಎಂದು ಹೇಳಿಬಿಡಿ ಎಂದು ನಿಮ್ಮಮ್ಮನ ಕಾಲು ಹಿಡಿಯುವುದೊಂದು ಬಾಕಿ. "ಚೋಯ್ ಎದುರಿಗೆ ಹೌದು ಅಂದಿದೀನಲ್ಲ ಮೇಷ್ಟ್ರೇ" ಅನ್ನುತ್ತಾರೆ.

ಇಷ್ಟು ವರ್ಷದಲ್ಲಿ ನನ್ನ ಕೈಬರಹ ಯಾರನ್ನೂ ಜೈಲಿನ ಹತ್ತಿರ ಒಯ್ದಿರಲಿಲ್ಲ. ನನಗೆ ನಾಚಿಕೆಯಾಗುತ್ತಿದೆ.

ಸೀತೋ

*

ತುಂಗ್‌ಕೂನ್
೯ ಜೂನ್ ೧೯೯೯

ಮೇಷ್ಟ್ರಿಗೆ,

ಒಂದು ಸಲ ಸಹಿ ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ. ಎರಡು ದಿನ ರಜೆ ಕೇಳಿದ್ದೇನೆ. ಬರುತ್ತೇನೆ.

ಕಾಮ್‌ಶಿಂಗ್

*

ತುಂಗ್‌ಕೂನ್
೪ ಜುಲೈ ೧೯೯೯

ಮೇಷ್ಟ್ರಿಗೆ,

ಅವತ್ತು ನಿಮ್ಮ ಮೇಜಿಗೆ ಬರಲಿಲ್ಲ, ಕ್ಷಮಿಸಿ. ಓಣಿಯ ತುದಿಯವರೆಗೆ ಬಂದಿದ್ದೆ. ನೀವು ಯಾರಿಗೋ ಬರೆದುಕೊಡುತ್ತಿದ್ದಿರಿ.

ಮಿಸ್ ತಾಮ್ ನನ್ನನ್ನು ಅಮ್ಮನ ಪಕ್ಕದ ಕುರ್ಚಿಯಲ್ಲೇ ಕೂರಿಸಿದಳು. ಅಮ್ಮ ಕೂದಲು ಗಿಡ್ಡ ಮಾಡಿಸಿಕೊಂಡಿದ್ದಾಳೆ. ನನಗೆ ಗೊತ್ತಿರಲಿಲ್ಲ. ಊಟ ಆಯ್ತಾ ಎಂದು ಅವಳು ಕೇಳಲಿಲ್ಲ, ನಾನೂ ಕೇಳಲಿಲ್ಲ. ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರನ್ನೂ ಹಾಗೆ ಕೇಳುತ್ತೇವೆ.

"ತಾಯಿಗೆ ಹಣ ಕಳಿಸ್ತಿದ್ರಾ?"

"ಇಲ್ಲ."

"ಒಂದ್ಸಲಾನೂ?"

"ಒಂದ್ಸಲಾನೂ ಇಲ್ಲ."

"ಹೊಸ ವರ್ಷಕ್ಕೆ ಕೆಂಪು ಲಕೋಟೆಲಿ ದುಡ್ಡು?"

"ಅದೂ ಇಲ್ಲ."

"ಬಟ್ಟೆ, ಔಷಧಿ, ಹಣ್ಣು, ಏನಾದ್ರೂ?"

"ಇಲ್ಲ."

ಅವಳು ಒಂದೊಂದನ್ನೂ ಬರೆದುಕೊಂಡಳು. ಆಗ ಅಮ್ಮ ಬಾಯಿಬಿಟ್ಟಳು. ನನ್ನ ಕಡೆ ನೋಡಲಿಲ್ಲ, ಮಿಸ್ ತಾಮ್ ಕಡೆಗೇ ಹೇಳಿದಳು.

"ಬರ್ಕೋಬೇಡಮ್ಮ, ಸುಳ್ಳು ಹೇಳ್ತಿದಾನೆ. ಚಿಕ್ಕಂದಿನಿಂದ್ಲೂ ಇವನು ಹೀಗೇ. ಕೊಟ್ಟಿದ್ದನ್ನ ಹೇಳ್ಕೊಳ್ಳೋ ಜಾಯಮಾನವೇ ಅಲ್ಲ."

ಮಿಸ್ ತಾಮ್ ಪೆನ್ನು ಕೆಳಗಿಟ್ಟಳು. "ಅಜ್ಜಿ, ಕಳಿಸ್ತಿದ್ದ ಅಂದ್ರೆ ನಿಮ್ಮ ಮೇಲೆ ಕೇಸಾಗತ್ತೆ. ಅರ್ಥ ಆಗ್ತಿದ್ಯಾ?"

"ಆಗ್ತಿದೆ."

"ಮತ್ತೆ?"

"ಕಳಿಸ್ತಿದ್ದ."

ನಾನು ಚೀಲದಿಂದ ಸಂಬಳದ ಚೀಟಿಗಳನ್ನು ತೆಗೆದೆ. ಬ್ಯಾಂಕಿನ ಪುಸ್ತಕ, ಹಾಸ್ಟೆಲಿನ ಬಾಕಿ ನೋಟೀಸು, ಕಾರ್ಖಾನೆಯವರ ಪತ್ರ ಎಲ್ಲವನ್ನೂ ಮೇಜಿನ ಮೇಲಿಟ್ಟೆ. ಅವಳು ಒಂದೊಂದನ್ನೂ ನಕಲು ಮಾಡಿಸಿದಳು. ನಾನು ತಾಯಿಗೆ ಏನೂ ಕೊಟ್ಟಿಲ್ಲ ಎಂದು ಸಾಬೀತಾಗಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅಮ್ಮ ಗೋಡೆಯ ಮೇಲಿನ ಭಿತ್ತಿಪತ್ರ ನೋಡುತ್ತಿದ್ದಳು. ಮೋಸ ಕಂಡರೆ ಫೋನ್ ಮಾಡಿ ಎನ್ನುವುದು. ಅವಳಿಗೆ ಓದಲು ಬರುವುದಿಲ್ಲ, ಚಿತ್ರ ನೋಡುತ್ತಿದ್ದಳು.

ಕೊನೆಗೆ ಸಹಿ ಹಾಕಿದೆ. ಈ ಸಲ ಮೂರು ಕಡೆ.

ನನ್ನ ಕುರ್ಚಿಯ ಕೆಳಗೆ ಒಂದು ಚೀಲ ಲಿಚಿ ಇತ್ತು. ಇಲ್ಲಿ ಈಗ ಅದರ ಕಾಲ, ಬೆಳಿಗ್ಗೆ ಮರದಿಂದ ಕಿತ್ತದ್ದು. ಅಮ್ಮನಿಗೆಂದು ತಂದದ್ದು. ಹಣ್ಣು ಕೊಟ್ಟಿಲ್ಲ ಎಂದು ಆಗ ತಾನೇ ಹೇಳಿದ್ದೆನಲ್ಲ. ಹೊರಗೆ ಬಂದು ಮಿಸ್ ತಾಮ್‌ಳನ್ನು ಕೇಳಿದೆ, ಇದನ್ನು ಕೊಟ್ಟರೆ ತೊಂದರೆಯೇ ಎಂದು. "ಹಣ್ಣಿಗೆ ಯಾರೂ ಏನೂ ಅನ್ನಲ್ಲ. ಆದ್ರೆ ಇವತ್ತು ಬೇಡ, ಫೈಲ್ ಇನ್ನೂ ಮೇಲೆ ಹೋಗ್ಬೇಕು" ಅಂದಳು. ಅವಳ ಮುಖವೂ ಬಾಡಿತ್ತು. ಅಮ್ಮ ಅಷ್ಟರಲ್ಲಿ ಬಸ್ಸು ಹತ್ತಿದ್ದಳು. ಹಣ್ಣಿನ ವಾಸನೆ ಅವಳಿಗೆ ಬಂದಿರಬೇಕು. ಮುಕ್ಕಾಲು ಗಂಟೆ ಪಕ್ಕದಲ್ಲೇ ಇತ್ತು.

ಚೀಲವನ್ನು ಗಡಿ ದಾಟಿಸಿ ವಾಪಸ್ಸು ತಂದೆ. ಹಾಸ್ಟೆಲಿನಲ್ಲಿ ಹಂಚಿದೆ. ನಾನೂ ತಿಂದೆ. ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಮಾರನೆಯ ದಿನ ಕೆಲಸಕ್ಕೆ ಹೋಗಿ ಗೊಂಬೆಗಳ ಕಣ್ಣು ಒತ್ತಿದೆ.

ಕಾಮ್‌ಶಿಂಗ್

*

ನೆರವು ಕಚೇರಿ
೩೦ ಜುಲೈ ೧೯೯೯

ಶ್ರೀಮತಿ ಫಂಗ್ ಕ್ವಾಯ್‌ಹಿಂಗ್ ಅವರಿಗೆ,

ತಮ್ಮ ಪ್ರಕರಣದ ಪರಿಶೀಲನೆ ಪೂರ್ಣಗೊಂಡಿರುತ್ತದೆ. ತಮ್ಮ ಮಗನು ತಮಗೆ ಯಾವುದೇ ರೀತಿಯ ಪೋಷಣೆಯನ್ನು ನೀಡಿಲ್ಲವೆಂಬುದು ದಾಖಲೆಗಳಿಂದ ತೃಪ್ತಿಕರವಾಗಿ ಸಿದ್ಧಪಟ್ಟಿರುತ್ತದೆ. ಆದ್ದರಿಂದ ಜೂನ್ ತಿಂಗಳಿಂದ ತಡೆಹಿಡಿಯಲಾದ ನೆರವನ್ನು ಮರಳಿ ಆರಂಭಿಸಲಾಗಿದೆ. ಮುಂದೆ ಮಗನಿಂದ ಹಣವಾಗಲಿ ವಸ್ತುವಾಗಲಿ ಬಂದಲ್ಲಿ ತಕ್ಷಣ ತಿಳಿಸತಕ್ಕದ್ದು.

ಅಡಕ: ಪತ್ರಗಳು ೬ (ಹಿಂತಿರುಗಿಸಲಾಗಿದೆ)

ಪ್ರಕರಣಾಧಿಕಾರಿ

*

ಶಾಮ್ ಶುಯಿ ಪೋ
೧೮ ಅಕ್ಟೋಬರ್ ೧೯೯೯

ಕಾಮ್‌ಶಿಂಗ್,

ಆಗಸ್ಟಿನಿಂದ ನಿನಗೆ ಬರೆದಿಲ್ಲ. ಬರೆಯಲು ಏನೂ ಇರಲಿಲ್ಲ. ಕಚೇರಿಯ ಪತ್ರವನ್ನು ನಿಮ್ಮಮ್ಮನಿಗೆ ಓದಿ ಹೇಳಿದ ಮೇಲೆ ಅವರು ಈ ಕಡೆ ಬರುವುದನ್ನೇ ಬಿಟ್ಟರು. ತೃಪ್ತಿಕರ ಎನ್ನುವ ಮಾತನ್ನು ನಾನು ನುಂಗಿಕೊಂಡೆ. ಬಾಕಿಯೆಲ್ಲ ಓದಿದೆ. ಅವರು ತರಕಾರಿಗೆ ಈಗ ಎರಡು ಬೀದಿ ಆಚೆ ಹೋಗುತ್ತಾರೆ.

ಚೋಯ್ ಅಕ್ಕನಿಗೆ ಎಲ್ಲ ಗೊತ್ತಾಗಿದೆ. ಆಕೆ ಒಬ್ಬರಿಗೂ ಹೇಳಿಲ್ಲ, ಅಷ್ಟು ಹೇಳಲೇಬೇಕು. ನನ್ನ ಮೇಜಿಗೆ ಬಂದು, "ನಾನು ಪಾಯಸ ತಗೊಂಡು ಹೋಗಿರ್ಲಿಲ್ಲ ಅಂದ್ರೆ?" ಎಂದು ಕೇಳಿದರು. ಈಗಲೂ ಪಾಯಸ ಮಾಡಿದಾಗ ಒಂದು ಬಟ್ಟಲು ಕೊಡುತ್ತಾರಂತೆ, ಆದರೆ ಬಾಗಿಲ ಹೊರಗಿಟ್ಟು ಹೋಗುತ್ತಾರಂತೆ. ಟಿವಿ ಒಟ್ಟಿಗೆ ನೋಡುವುದು ನಿಂತಿದೆ. ಪತ್ರಿಕೆಗಳಿಗೆ ಈಗ ಬೇರೆ ವಿಷಯ ಸಿಕ್ಕಿದೆ. ತರಕಾರಿಯವನೂ ನೆರವಿಗೆ ಅರ್ಜಿ ತುಂಬಿಸಿಕೊಂಡು ಹೋದ. ಶುಂಠಿ ಈಗ ಚೆನ್ನಾಗಿರುತ್ತದೆ.

ನಿನ್ನೆ ನಿಮ್ಮಮ್ಮ ಬಂದರು. ಎಂದಿನ ಸ್ಟೂಲಿನ ಮೇಲೆ ಕೂತರು.

"ಒಂದು ಕಾಗದ ಬರೀಬೇಕು ಮೇಷ್ಟ್ರೇ."

"ಯಾರಿಗೆ?"

"ನಂಗೆ. ಮಗನ ಹೆಸರಲ್ಲಿ."

"ಇಷ್ಟೆಲ್ಲ ಆದ ಮೇಲೂನಾ?" ಅಂದೆ. ನನಗೆ ನಿಜವಾಗಿ ಸಿಟ್ಟು ಬಂತು.

"ಹಣದ ಮಾತು ಬೇಡ. ಮೀನೂ ಬೇಡ, ಬನಿಯನ್ನೂ ಬೇಡ. ಕೊಟ್ಟೆ, ಕಳಿಸ್ದೆ ಅನ್ನೋದೇ ಬೇಡ. ಅವರಿಗೆ ತಿಳಿಸ್ಬೇಕಾದ್ದು ಏನೂ ಇರ್ಬಾರ್ದು ಅದ್ರಲ್ಲಿ."

"ಮತ್ತೇನು ಬರೀಲಿ?"

"ಊಟ ಆಯ್ತಾ ಅಂತ ಕೇಳ್ಲಿ," ಅಂದರು. "ಅಷ್ಟು ಸಾಕು."

"ಯಾರಿಗೆ ಓದಿ ಹೇಳ್ಬೇಕು? ಚೋಯ್ ಅಕ್ಕ ಬರ್ತಾರಾ?"

"ಇಲ್ಲ. ನಂಗೆ."

ಮುಂದಿನ ತಿಂಗಳು ಬನ್ನಿ ಎಂದು ಕಳಿಸಿದ್ದೇನೆ. ನಾನು ಬರೆಯುವುದಿಲ್ಲ, ಕಾಮ್‌ಶಿಂಗ್. ನನ್ನ ಕೈ ನಿನ್ನ ಹೆಸರು ಬರೆದು ಸುಸ್ತಾಗಿದೆ. ನಿಮ್ಮಮ್ಮ ಹೇಳಿದ್ದನ್ನು ನಿನಗೆ ತಲುಪಿಸಿದ್ದೇನೆ. ಇದಕ್ಕೆ ಬೇಕಾಗುವುದು ಒಂದು ಹಾಳೆ, ಒಂದು ಸ್ಟಾಂಪು. ಶಕ್ತಿಯಿಲ್ಲ ಎಂದು ಈ ಸಲ ಬರೆಯಬೇಡ.

ಸೀತೋ

*

ತುಂಗ್‌ಕೂನ್
೭ ನವೆಂಬರ್ ೧೯೯೯

ಅಮ್ಮ,

ಊಟ ಆಯ್ತಾ?

ನನ್ನದು ಆಯಿತು. ಎಲೆಕೋಸು, ತೋಫು. ಉಪ್ಪು ಜಾಸ್ತಿಯಾಗಿತ್ತು, ಎರಡು ಲೋಟ ನೀರು ಕುಡಿದೆ.

ನೀನು ಕೂದಲು ಗಿಡ್ಡ ಮಾಡಿಸಿಕೊಂಡಿದ್ದನ್ನು ಅವತ್ತು ನೋಡಿದೆ. ಹೇಳಲು ಆಗಲಿಲ್ಲ. ಚೆನ್ನಾಗಿ ಕಾಣುತ್ತದೆ.

ಕಾಮ್‌ಶಿಂಗ್

*

ಶಾಮ್ ಶುಯಿ ಪೋ
೧೯ ನವೆಂಬರ್ ೧೯೯೯

ಕಾಮ್‌ಶಿಂಗ್,

ನಿನ್ನ ಪತ್ರ ಮಂಗಳವಾರ ಬಂತು. ನಿಮ್ಮಮ್ಮ ಇವತ್ತು ಬೆಳಿಗ್ಗೆ ಬಂದರು. ಲಕೋಟೆಯನ್ನು ನಾನು ಒಡೆದಿರಲಿಲ್ಲ, ಅವರ ಕಣ್ಣೆದುರೇ ಒಡೆದೆ.

"ಮಗನಿಂದ ಬಂದಿದೆ" ಅಂದೆ. ಓದಿದೆ.

ಊಟ ಆಯ್ತಾ ಎನ್ನುವುದನ್ನು ಕೇಳಿ ಅವರು ತಲೆಯಾಡಿಸಿದರು. ಕೂದಲಿನ ಮಾತು ಬಂದಾಗ ಕೈ ಹಿಂದಕ್ಕೆ ಹೋಗಿ ಕತ್ತಿನ ಹತ್ತಿರ ನಿಂತಿತು.

"ಕೂದಲಿನ ವಿಷಯ ನಾನು ಹೇಳಿರ್ಲಿಲ್ಲ."

"ಇಲ್ಲ, ನೀವು ಹೇಳಿರ್ಲಿಲ್ಲ."

"ಚೆನ್ನಾಗಿ ಸೇರ್ಸಿದೀರಿ."

ನಾನು ಸೇರಿಸಿದ್ದಲ್ಲ ಅಂದೆ. ಇದು ಅವನೇ ಬರೆದದ್ದು, ಅವನ ಕೈಬರಹ, ನೋಡಿ ಎಂದು ಹಾಳೆಯನ್ನು ಮುಂದೆ ಹಿಡಿದೆ. ಅವರಿಗೆ ಎಲ್ಲ ಕೈಬರಹವೂ ಒಂದೇ. ಲಕೋಟೆ ತೋರಿಸಿದೆ, ಆಚೆ ಕಡೆಯ ಸ್ಟಾಂಪು ತೋರಿಸಿದೆ. ಸ್ಟಾಂಪಿನ ಮೇಲೆ ಬೆರಳಾಡಿಸಿ, "ಇಷ್ಟೆಲ್ಲ ಯಾಕೆ ತೊಂದ್ರೆ ತಗೊಂಡ್ರಿ, ಹಳೇ ಲಕೋಟೆನೇ ಇತ್ತಲ್ಲ ನನ್ನ ಹತ್ರ" ಅಂದರು.

"ಅಮ್ಮಾ, ನಿಜವಾಗ್ಲೂ ಮಗನಿಂದ ಬಂದಿದೆ."

"ನೀವು ಯಾವಾಗ್ಲೂ ಹಾಗೇ ಹೇಳ್ತೀರಲ್ಲ ಮೇಷ್ಟ್ರೇ," ಅಂದರು. ಬೇಸರದಿಂದ ಹೇಳಲಿಲ್ಲ. ನನ್ನನ್ನೇ ಸಮಾಧಾನ ಮಾಡುವ ಹಾಗೆ ಹೇಳಿದರು.

ಇನ್ನೊಂದು ಸಲ ಓದಿಸಿಕೊಂಡರು. ಆಮೇಲೆ "ಆಯ್ತು, ಈಗ ತಾನೇ ಗಂಜಿ ಕುಡಿದೆ" ಎಂದು ಹಾಳೆಯ ಕಡೆ ನೋಡಿಕೊಂಡು ಹೇಳಿ, ಮಡಿಸಿ ಒಳಗಿಟ್ಟುಕೊಂಡರು. ಶುಲ್ಕ ಕೊಡಲು ಪರ್ಸು ತೆಗೆದರು. ಬೇಡ ಅಂದೆ. ಬರೆಸಿಕೊಂಡ ಮೇಲೆ ಕೊಡದೆ ಹೋಗುವವಳಲ್ಲ ನಾನು ಎಂದು ಎದ್ದು ನಿಂತರು. ನೋಟನ್ನು ಮಸಿಬಾಟಲಿಯ ಕೆಳಗಿಟ್ಟು ಹೋದರು.

ಇಪ್ಪತ್ತು ಡಾಲರಿನ ಆ ನೋಟು ಈ ಪತ್ರದೊಳಗಿದೆ. ನನಗೆ ಸೇರಿದ್ದಲ್ಲ. ಪತ್ರ ಬರೆದವನು ನೀನು.

ಸೀತೋ ಪಾಕ್‌ಮಿಂಗ್